ಬಡ ಆರೋಪಿಗಳ ಪರ ನಿಲ್ಲುವ ವಕೀಲರಿಗೆ ಮುಖ್ಯಸ್ಥರನ್ನು ಆರಿಸುವವರು ಯಾರು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದ ಆರೋಪಿಗೆ ಸರ್ಕಾರವೇ ಪಬ್ಲಿಕ್ ಡಿಫೆಂಡರ್ ಒಬ್ಬರನ್ನು ಕೊಡುತ್ತದಂತೆ. ಕೇಸು ಹಾಕುವುದೂ ಸರ್ಕಾರ, ಅದನ್ನು ಎದುರಿಸಲು ವಕೀಲರಿಗೆ ಸಂಬಳ ಕೊಡುವುದೂ ಸರ್ಕಾರ. ಹಾಗಾದರೆ ಆ ಕಚೇರಿಯ ಮುಖ್ಯಸ್ಥರನ್ನು ಆರಿಸುವವರು ಯಾರು? ಸಮಿತಿಯೊಂದು ಆರಿಸುತ್ತದೆ ಎಂದು ಓದಿದೆ. ಆ ಸಮಿತಿ ಏನು ನೋಡುತ್ತದೆ?

ಉತ್ತರ: ಇಡೀ ದೇಶಕ್ಕೆ ಒಂದೇ ಪದ್ಧತಿ ಇಲ್ಲ. ಕೆಲವು ರಾಜ್ಯಗಳಲ್ಲಿ ಸ್ವತಂತ್ರ ಆಯೋಗ ಆರಿಸುತ್ತದೆ, ಕೆಲವು ಕಡೆ ಗವರ್ನರ್ (ಅಲ್ಲಿ ಇವರು ಜನರೇ ಆರಿಸುವ ರಾಜ್ಯದ ಆಡಳಿತ ಮುಖ್ಯಸ್ಥರು), ಇನ್ನು ಕೆಲವು ಕಡೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಆಡಳಿತ ಮಂಡಳಿ. ಫ್ಲಾರಿಡಾದಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ. ನೀವು ಕೇಳಿದ್ದು ಸಮಿತಿ ಏನು ನೋಡುತ್ತದೆ ಎಂದು. ಅದಕ್ಕೂ ಮೊದಲು ಸಮಿತಿಯಲ್ಲಿ ಕೂತವರು ಯಾರು, ಅವರನ್ನು ಅಲ್ಲಿ ಕೂರಿಸಿದವರು ಯಾರು ಎಂದು ಕೇಳಬೇಕು. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಪದ್ಧತಿ ಹೀಗೆ ದಿಕ್ಕಿಗೊಂದಾಗಲು ಕಾರಣವಿದೆ. ಫ್ಲಾರಿಡಾದ ಪನಾಮ ಸಿಟಿಯಲ್ಲಿ ಪೂಲ್ ಆಟದ ಹಾಲ್‌ಗೆ ನುಗ್ಗಿ ಕದ್ದ ಆರೋಪ ಹೊತ್ತಿದ್ದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ತನಗೊಬ್ಬ ವಕೀಲರನ್ನು ಕೊಡಿ ಎಂದು ಕೋರ್ಟಿನಲ್ಲಿ ಕೇಳಿದ. ಕೊಡಲಿಲ್ಲ. ತನ್ನ ಕೇಸನ್ನು ತಾನೇ ವಾದಿಸಿ ಐದು ವರ್ಷದ ಶಿಕ್ಷೆಗೆ ಗುರಿಯಾದ. ಜೈಲಿನಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ರಾಜ್ಯವೇ ವಕೀಲರನ್ನು ಒದಗಿಸಬೇಕು ಎಂದು 1963ರ ಮಾರ್ಚ್ 18ರಂದು ಒಮ್ಮತದ ತೀರ್ಪು ಬಂತು. ಮರುವಿಚಾರಣೆಯಲ್ಲಿ ಗಿಡಿಯನ್ ಪಕ್ಕದಲ್ಲಿ ವಕೀಲರಿದ್ದರು. ಜ್ಯೂರಿ ಸುಮಾರು ಒಂದು ಗಂಟೆ ಚರ್ಚಿಸಿ ನಿರ್ದೋಷಿ ಎಂದಿತು. ವಕೀಲರನ್ನು ಕೊಡಬೇಕು ಎಂದ ಆ ತೀರ್ಪು, ಆ ವಕೀಲರ ಕಚೇರಿಯನ್ನು ನಡೆಸುವವರು ಯಾರು, ಅವರ ನೇಮಕ ಯಾರ ಕೈಯಲ್ಲಿ ಎಂಬ ಗೋಜಿಗೆ ಹೋಗಲಿಲ್ಲ. ರಾಜ್ಯಗಳು ತಮತಮಗೆ ತೋಚಿದಂತೆ ಮಾಡಿಕೊಂಡವು. ಲಾಸ್ ಏಂಜಲೀಸ್ ಕೌಂಟಿಯಂತೂ 1914ರಲ್ಲೇ ಇಂಥ ಕಚೇರಿ ತೆರೆದಿತ್ತು.

ಈ ಹುದ್ದೆಯ ಸ್ವಭಾವವೇ ವಿಚಿತ್ರ. ಸಂಬಳ ಕೊಡುವವರ ಎದುರೇ ನಿಂತು ಜಗಳವಾಡುವುದು ಇಲ್ಲಿ ಕೆಲಸದ ಭಾಗ. ಮಿಸೌರಿಯಲ್ಲಿ 2016ರಲ್ಲಿ ನಡೆದದ್ದನ್ನೇ ನೋಡಿ. ಅಲ್ಲಿನ ಡಿಫೆಂಡರ್ ಕಚೇರಿಯಲ್ಲಿ ಒಬ್ಬೊಬ್ಬ ವಕೀಲರ ಮೇಲೂ ಹೊರಲಾರದಷ್ಟು ಕೇಸು. ಕಚೇರಿಗೆ ಬರಬೇಕಿದ್ದ ಹಣವನ್ನು ಗವರ್ನರ್ ಜೇ ನಿಕ್ಸನ್ ತಡೆಹಿಡಿದಿದ್ದರು. ರಾಜ್ಯದ ಯಾವುದೇ ವಕೀಲರಿಗೆ ಕೇಸು ವಹಿಸಬಹುದು ಎಂಬ ಕಾನೂನಿನ ಸಾಲೊಂದನ್ನು ಹಿಡಿದುಕೊಂಡು ಕಚೇರಿಯ ನಿರ್ದೇಶಕ ಮೈಕಲ್ ಬ್ಯಾರೆಟ್ ಆಗಸ್ಟ್‌ನಲ್ಲಿ ಗವರ್ನರ್‌ಗೇ ಪತ್ರ ಬರೆದರು: ನೀವೂ ವಕೀಲರಲ್ಲವೇ, ಈ ಬಡ ಆರೋಪಿಯ ಕೇಸನ್ನು ನೀವೇ ನಡೆಸಿ. ಹಾಗೆ ವಹಿಸುವ ಅಧಿಕಾರ ನಿರ್ದೇಶಕರಿಗಿಲ್ಲ ಎಂದು ನ್ಯಾಯಾಧೀಶರೊಬ್ಬರು ಹೇಳಿದ್ದರಿಂದ ನಿಕ್ಸನ್ ಕೋರ್ಟಿನಲ್ಲಿ ವಾದಕ್ಕೆ ನಿಲ್ಲಲಿಲ್ಲ ಅನ್ನಿ. ಆದರೆ ಪತ್ರ ದೇಶದಾದ್ಯಂತ ಸುದ್ದಿಯಾಯಿತು. ಬ್ಯಾರೆಟ್ ಅವರನ್ನು ನೇಮಿಸಿದ್ದು ಗವರ್ನರ್ ಆಗಿದ್ದರೆ ಆ ಪತ್ರ ಹೊರಡುತ್ತಿತ್ತೇ? ಅನುಮಾನ. ಮಿಸೌರಿಯಲ್ಲಿ ಆಯೋಗದ ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ, ನಿರ್ದೇಶಕರನ್ನು ಆಯೋಗ ನೇಮಿಸುತ್ತದೆ. ಮಧ್ಯದಲ್ಲಿ ಒಂದೇ ಒಂದು ಮೆಟ್ಟಿಲು. ಅಷ್ಟರಿಂದಲೇ ಹಂಗು ಎಷ್ಟೋ ಕಡಿಮೆಯಾಗುತ್ತದೆ.

ಆಯೋಗವನ್ನು ಕಟ್ಟುವುದರಲ್ಲಿ ಕೊಲರಾಡೊ ನನ್ನ ಮಟ್ಟಿಗೆ ಒಳ್ಳೆಯ ಮಾದರಿ. ಐದು ಜನರ ಆಯೋಗ, ನೇಮಿಸುವುದು ರಾಜ್ಯದ ಸುಪ್ರೀಂ ಕೋರ್ಟ್. ಮೂವರು ವಕೀಲರು, ಇಬ್ಬರು ವಕೀಲರಲ್ಲದ ಸಾಮಾನ್ಯ ನಾಗರಿಕರು. ಒಂದೇ ಪಕ್ಷಕ್ಕೆ ಸೇರಿದವರು ಮೂವರಿಗಿಂತ ಹೆಚ್ಚಿರುವಂತಿಲ್ಲ. ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು, ಪೊಲೀಸ್ ಇಲಾಖೆಯವರು ಸದಸ್ಯರಾಗುವಂತಿಲ್ಲ; ಹಾಲಿ ಪಬ್ಲಿಕ್ ಡಿಫೆಂಡರ್‌ಗಳಿಗೂ ಜಾಗವಿಲ್ಲ. ಕೊನೆಯದು ಕೆಲವರಿಗೆ ಅತಿ ಅನ್ನಿಸಬಹುದು, ಆದರೆ ತಮ್ಮ ಮೇಲಧಿಕಾರಿಯನ್ನು ತಾವೇ ಆರಿಸಿಕೊಳ್ಳುವುದನ್ನು ಯಾವ ಕಚೇರಿಯಲ್ಲೂ ಒಪ್ಪುವುದಿಲ್ಲವಲ್ಲ. ಈ ಆಯೋಗ ಆರಿಸಿದ ಮುಖ್ಯಸ್ಥರ ಅವಧಿ ಐದು ವರ್ಷ, ಮತ್ತೆ ನೇಮಕಕ್ಕೆ ಅವಕಾಶವಿದೆ.

ನ್ಯೂ ಮೆಕ್ಸಿಕೊ ಪೆಟ್ಟು ತಿಂದ ಮೇಲೆ ಪಾಠ ಕಲಿತ ರಾಜ್ಯ. ಅಲ್ಲಿ ಮುಖ್ಯ ಪಬ್ಲಿಕ್ ಡಿಫೆಂಡರ್ ನೇಮಕ ಗವರ್ನರ್ ಕೈಯಲ್ಲಿತ್ತು. ಡಿಸ್ಟ್ರಿಕ್ಟ್ ಅಟಾರ್ನಿಯಾಗಿ, ಅಂದರೆ ಆರೋಪಿಗಳ ವಿರುದ್ಧ ಕೇಸು ನಡೆಸುವವರಾಗಿ ವರ್ಷಗಟ್ಟಲೆ ದುಡಿದಿದ್ದ ಸುಸಾನಾ ಮಾರ್ಟಿನೆಝ್ 2011ರಲ್ಲಿ ಗವರ್ನರ್ ಆದರು. ಬಂದ ಹೊಸತರಲ್ಲೇ ಆಗಿನ ಮುಖ್ಯ ಡಿಫೆಂಡರ್ ಅವರನ್ನು ಮನೆಗೆ ಕಳಿಸಿದರು. ಮರುವರ್ಷ, 2012ರ ನವೆಂಬರ್‌ನಲ್ಲಿ, ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು ಆ ಕಚೇರಿಯನ್ನು ಗವರ್ನರ್ ಅಧೀನದಿಂದ ಬಿಡಿಸುವ ಪ್ರಸ್ತಾವಕ್ಕೆ ಮತದಾರರು ಹೂಂ ಎಂದರು. ಈಗಿರುವುದು ಹನ್ನೊಂದು ಜನರ ಆಯೋಗ. ಸದಸ್ಯರ ನೇಮಕ ಗವರ್ನರ್, ಮುಖ್ಯ ನ್ಯಾಯಮೂರ್ತಿ, ವಿಶ್ವವಿದ್ಯಾಲಯದ ಲಾ ಸ್ಕೂಲಿನ ಡೀನ್, ಶಾಸನಸಭೆಯ ನಾಯಕರು ಇವರ ನಡುವೆ ಹಂಚಿಹೋಗಿದೆ. ಯಾರೊಬ್ಬರ ಕೈಯೂ ಮೇಲಾಗದಂತೆ ಮಾಡಿದ ಹಂಚಿಕೆ ಇದು.

ಹಾಗಾದರೆ ಜನರೇ ಆರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಫ್ಲಾರಿಡಾದ ಇಪ್ಪತ್ತು ನ್ಯಾಯಿಕ ವಲಯಗಳಲ್ಲೂ ನಾಲ್ಕು ವರ್ಷಕ್ಕೊಮ್ಮೆ ಈ ಹುದ್ದೆಗೆ ಚುನಾವಣೆ. ಜಾಕ್ಸನ್‌ವಿಲ್‌ನಲ್ಲಿ 2008ರಲ್ಲಿ ಗೆದ್ದದ್ದು ಪೊಲೀಸರ ಸಂಘದ ಬೆಂಬಲ ಪಡೆದ ಅಭ್ಯರ್ಥಿ. ಪೊಲೀಸರ ಸಾಕ್ಷ್ಯವನ್ನು ಕೋರ್ಟಿನಲ್ಲಿ ಜಾಲಾಡಬೇಕಾದವರಿಗೆ ಪೊಲೀಸರದೇ ಬೆಂಬಲ! ಅವರನ್ನು ಇಳಿಸಲು 2016ರ ಚುನಾವಣೆಯವರೆಗೆ ಕಾಯಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಇದಕ್ಕೆ ತದ್ವಿರುದ್ಧ. ಮೇಯರ್ ನೇಮಿಸಿದ ಹೊಸ ಮುಖ್ಯಸ್ಥೆ ಕೆಲಸದಿಂದ ತೆಗೆದುಹಾಕಿದ್ದ ಜೆಫ್ ಅಡಾಚಿ 2002ರ ಚುನಾವಣೆಯಲ್ಲಿ ಅವರ ವಿರುದ್ಧವೇ ನಿಂತು ಗೆದ್ದರು, 2019ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು. ಚುನಾವಣೆಯಿಂದ ಎರಡೂ ಬಗೆಯವರು ಬರುತ್ತಾರೆ. ಆದರೆ ಈ ಕಚೇರಿಗೆ ನಿಜವಾಗಿ ಬೇಕಾದವರಲ್ಲಿ ಎಷ್ಟೋ ಜನ ಜೈಲಿನಲ್ಲಿರುತ್ತಾರೆ, ಅವರ ಮಾತು ಪ್ರಚಾರಸಭೆಯಲ್ಲಿ ಕೇಳಿಸುವುದೇ ಇಲ್ಲ. ಆ ಕಾರಣಕ್ಕೆ ನನ್ನ ಒಲವು ಆಯೋಗದ ಕಡೆಗೇ.

ಇನ್ನು ಆಯೋಗ ಕೆಲಸ ಮಾಡುವ ಬಗೆ. ಹುದ್ದೆ ಖಾಲಿಯಾದ ಕೂಡಲೇ ಅರ್ಜಿ ಕರೆಯುತ್ತಾರೆ. ಅನುಭವದ ವಿವರ, ಪರಿಚಿತರ ಶಿಫಾರಸು, ಹಲವು ಕಡೆ ಅಭ್ಯರ್ಥಿ ಕೋರ್ಟಿಗೆ ಬರೆದುಕೊಟ್ಟ ವಾದಪತ್ರದ ಮಾದರಿಯನ್ನೂ ಕೇಳುತ್ತಾರೆ. ಕನಿಷ್ಠ ಅರ್ಹತೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂ ಮೆಕ್ಸಿಕೊದ ಕಾನೂನು ಆರೋಪಿಗಳ ಪರ ವಾದಿಸಿದ ಐದು ವರ್ಷದ ಅನುಭವ ಕೇಳುತ್ತದೆ. ಕ್ಯಾಲಿಫೋರ್ನಿಯಾದ ಕೌಂಟಿಗಳಿಗೆ ಹಿಂದಿನ ಒಂದು ವರ್ಷ ವಕೀಲಿ ವೃತ್ತಿಯಲ್ಲಿದ್ದರೆ ಸಾಕು, ಕ್ರಿಮಿನಲ್ ಕೇಸೇ ನಡೆಸಿರಬೇಕು ಎಂದೇನಿಲ್ಲ. ಈ ಸಡಿಲಿಕೆಯ ಬಿಸಿ ಲಾಸ್ ಏಂಜಲೀಸ್‌ಗೆ 2018ರಲ್ಲಿ ತಟ್ಟಿತು. ಕೌಂಟಿಯ ಮೇಲ್ವಿಚಾರಕರ ಮಂಡಳಿ ಹಂಗಾಮಿ ಮುಖ್ಯಸ್ಥೆಯಾಗಿ ನೇಮಿಸಿದ್ದು ಕ್ರಿಮಿನಲ್ ಡಿಫೆನ್ಸ್ ಅನುಭವವೇ ಇಲ್ಲದವರನ್ನು. ಸಾಲದ್ದಕ್ಕೆ ಅವರು ಕೌಂಟಿಯ ವಕೀಲೆಯಾಗಿ ಶೆರಿಫ್ ಇಲಾಖೆಯ, ಅಂದರೆ ಕೌಂಟಿಯ ಪೊಲೀಸರ, ಪರ ವಾದಿಸಿದವರು. ಕಚೇರಿಯ ನೂರಾರು ವಕೀಲರು ಸಹಿ ಹಾಕಿ ಪ್ರತಿಭಟಿಸಿದರು. ಕೆಲವೇ ತಿಂಗಳಲ್ಲಿ ಮಂಡಳಿ ಅನುಭವಿ ಡಿಫೆಂಡರ್ ಒಬ್ಬರನ್ನು ಕಾಯಂ ಆಗಿ ನೇಮಿಸಿತು. ಕಾನೂನಿನಲ್ಲಿ ಬರೆದ ಅರ್ಹತೆ ಬಾಗಿಲು ದಾಟಲು ಮಾತ್ರ. ಒಳಗಿರುವ ವಕೀಲರು ಈ ವ್ಯಕ್ತಿಯನ್ನು ತಮ್ಮವರೆಂದು ಒಪ್ಪುತ್ತಾರೆಯೇ ಎಂಬುದು ಬೇರೆಯೇ ಲೆಕ್ಕ. ಅದಕ್ಕೇ ಬುದ್ಧಿವಂತ ಆಯೋಗಗಳು ಕೊನೆಯ ಸುತ್ತಿಗೆ ಮುನ್ನ ಕಚೇರಿಯ ಸಿಬ್ಬಂದಿಯ ಅಭಿಪ್ರಾಯ ಕೇಳುತ್ತವೆ, ಸಾಧ್ಯವಾದರೆ ಜೈಲಿಗೆ ಹೋಗಿ ಬಂದವರ ಮಾತನ್ನೂ.

ಸಂದರ್ಶನಕ್ಕೆ ಬರುವ ಹೊತ್ತಿಗೆ ಉಳಿದವರೆಲ್ಲ ಒಳ್ಳೆಯ ವಕೀಲರೇ ಆಗಿರುತ್ತಾರೆ. ಹಾಗಾಗಿ ವಾದದ ಚಾತುರ್ಯದ ಬಗ್ಗೆ ಹೆಚ್ಚು ಕೇಳಿ ಪ್ರಯೋಜನವಿಲ್ಲ. ವ್ಯತ್ಯಾಸ ಬಯಲಾಗುವುದು ಕೇಸಿನ ಹೊರೆಯ ಪ್ರಶ್ನೆಯಲ್ಲಿ. 1973ರಲ್ಲಿ ರಾಷ್ಟ್ರೀಯ ಸಲಹಾ ಆಯೋಗವೊಂದು ಒಬ್ಬ ವಕೀಲರಿಗೆ ವರ್ಷಕ್ಕೆ 150 ಫೆಲನಿ (ಗಂಭೀರ ಅಪರಾಧದ) ಕೇಸು, ಇಲ್ಲವೇ 400 ಸಣ್ಣ ಅಪರಾಧದ ಕೇಸು ಎಂಬ ಮಿತಿ ಹಾಕಿತು. ದಶಕಗಟ್ಟಲೆ ಅದೇ ಅಳತೆಗೋಲು. 2023ರಲ್ಲಿ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಅಧ್ಯಯನ ಅದನ್ನು ಬುಡಮೇಲು ಮಾಡಿತು. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಗಬಹುದಾದ ಒಂದು ಕೇಸಿಗೆ ಸರಾಸರಿ 286 ಗಂಟೆ ಬೇಕು, ಅತಿ ಕೆಳಗಿನ ದರ್ಜೆಯ ಫೆಲನಿಗೂ 35 ಗಂಟೆ ಬೇಕು ಎಂದಿತು. ವರ್ಷದ 2,080 ಕೆಲಸದ ಗಂಟೆಗಳನ್ನು ಭಾಗಿಸಿ ನೋಡಿ: ಮೊದಲ ಬಗೆಯವು ಏಳು, ಎರಡನೆಯವು ಸುಮಾರು ಐವತ್ತೊಂಬತ್ತು. ನೂರೈವತ್ತೆಲ್ಲಿ, ಐವತ್ತೊಂಬತ್ತೆಲ್ಲಿ!

ಈಗ ಸಮಿತಿಯ ಸದಸ್ಯರೊಬ್ಬರು ಕೇಳುತ್ತಾರೆ ಎಂದುಕೊಳ್ಳಿ: ನಿಮ್ಮ ವಕೀಲರ ಕೈ ತುಂಬಿದೆ, ನ್ಯಾಯಾಧೀಶರು ಇನ್ನೂ ಇಪ್ಪತ್ತು ಕೇಸು ತಂದು ಹಾಕುತ್ತಿದ್ದಾರೆ, ಏನು ಮಾಡುತ್ತೀರಿ? 'ಇದ್ದವರಲ್ಲೇ ಹೇಗಾದರೂ ಹೊಂದಿಸುತ್ತೇನೆ' ಎನ್ನುವ ಅಭ್ಯರ್ಥಿ ಬಜೆಟ್ ಮಾಡುವವರಿಗೆ ಅಚ್ಚುಮೆಚ್ಚು. 'ಹೊಸ ಕೇಸು ತೆಗೆದುಕೊಳ್ಳಲಾಗದು ಎಂದು ಕೋರ್ಟಿಗೆ ಲಿಖಿತವಾಗಿ ಕೊಡುತ್ತೇನೆ, ಅಂಕಿಅಂಶ ಹಿಡಿದು ಶಾಸನಸಭೆಗೆ ಹೋಗುತ್ತೇನೆ' ಎನ್ನುವವರು ಕಿರಿಕಿರಿ. ನನ್ನನ್ನು ಕೇಳಿದರೆ ಎರಡನೆಯವರಿಗೇ ಅಂಕ. ಮೊದಲನೆಯವರ ಕೈಕೆಳಗೆ ಕಕ್ಷಿದಾರನ ಮುಖವನ್ನು ಕೋರ್ಟಿನ ಕಾರಿಡಾರಿನಲ್ಲಿ ಮೊದಲ ಬಾರಿ ನೋಡಿ, ಐದು ನಿಮಿಷದಲ್ಲಿ 'ತಪ್ಪೊಪ್ಪಿಕೋ' ಎನ್ನುವ ವಕೀಲರು ತಯಾರಾಗುತ್ತಾರೆ.

ಅಂತಿಮ ಪಟ್ಟಿಯ ಹೆಸರುಗಳನ್ನು ಕೆಲವು ಕಡೆ ಸಾರ್ವಜನಿಕರಿಗೆ ತಿಳಿಸುತ್ತಾರೆ. ಸದಸ್ಯರ ಒಳಚರ್ಚೆ ಸಾಮಾನ್ಯವಾಗಿ ಮುಚ್ಚಿದ ಬಾಗಿಲ ಹಿಂದೆ, ಮತ ಹಾಕುವುದು ಬಹಿರಂಗ ಸಭೆಯಲ್ಲಿ.

ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟುಗಳದ್ದು ಇನ್ನೊಂದು ದಾರಿ, ಇದರಲ್ಲೊಂದು ಜಾಣತನವಿದೆ. ಫೆಡರಲ್ ಪಬ್ಲಿಕ್ ಡಿಫೆಂಡರ್ ದಿನವೂ ವಾದ ಮಾಡುವುದು ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರ ಮುಂದೆ. ಆದರೆ ನಾಲ್ಕು ವರ್ಷದ ಅವಧಿಗೆ ನೇಮಿಸುವ ಅಧಿಕಾರ ಅವರಿಗಿಲ್ಲ, ಅವರ ಮೇಲಿನ, ಹಲವು ಜಿಲ್ಲೆಗಳು ಸೇರಿದ ಸರ್ಕಿಟ್‌ನ ಅಪೀಲು ಕೋರ್ಟಿಗಿದೆ. ಡಿಸ್ಟ್ರಿಕ್ಟ್ ಕೋರ್ಟ್ ಶಿಫಾರಸು ಮಾಡಬಹುದು, ಅಷ್ಟೇ. ತನ್ನ ಕೆಲಸ ಉಳಿಯುವುದು ಎದುರು ಕೂತ ನ್ಯಾಯಾಧೀಶರ ಕೃಪೆಯಿಂದ ಎಂದಾದರೆ ಯಾವ ವಕೀಲ ತಾನೇ ಅವರ ಆದೇಶವನ್ನು ಗಟ್ಟಿಯಾಗಿ ಪ್ರಶ್ನಿಸಿಯಾನು? ಸಂಬಳಕ್ಕೂ ಮಿತಿಯಿದೆ, ಅದೇ ಜಿಲ್ಲೆಯಲ್ಲಿ ಕೇಂದ್ರದ ಪರ ಕೇಸು ನಡೆಸುವ ಯು.ಎಸ್. ಅಟಾರ್ನಿಯ ಸಂಬಳವನ್ನು ಮೀರುವಂತಿಲ್ಲ. ಅವಧಿಗೆ ಮುನ್ನ ತೆಗೆಯಬೇಕೆಂದರೆ ಅಸಮರ್ಥತೆ, ದುರ್ನಡತೆ ಅಥವಾ ಕರ್ತವ್ಯಲೋಪ, ಇವುಗಳಲ್ಲೊಂದು ಕಾರಣ ಇರಲೇಬೇಕು.

ತೆಗೆಯುವ ಈ ಅಧಿಕಾರದ ಬಗ್ಗೆ ಎರಡು ಮಾತು, ಏಕೆಂದರೆ ಆಯ್ಕೆಯ ಸುದ್ದಿ ಬಂದಾಗ ಇದನ್ನು ಕೇಳುವವರೇ ಕಡಿಮೆ. ಕನೆಕ್ಟಿಕಟ್‌ನಲ್ಲಿ ಆಯೋಗ 2022ರಲ್ಲಿ ಟಾಶುನ್ ಬೌಡನ್-ಲೂಯಿಸ್ ಅವರನ್ನು ಮುಖ್ಯ ಪಬ್ಲಿಕ್ ಡಿಫೆಂಡರ್ ಆಗಿ ಆರಿಸಿತು, ಆ ಹುದ್ದೆಗೇರಿದ ಮೊದಲ ಕಪ್ಪು ವರ್ಣದ ವ್ಯಕ್ತಿ ಅವರು. ಬೇಗನೇ ಆಯೋಗಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. 2023ರಲ್ಲಿ ಆಯೋಗದ ನಾಲ್ವರು ಸದಸ್ಯರೇ ರಾಜೀನಾಮೆ ಕೊಟ್ಟು ಹೋದರು, ಹೊಸಬರು ಬಂದರು. ಅಲ್ಲಿನ ಕಾನೂನಿನಂತೆ ಸೂಕ್ತ ಕಾರಣ ತೋರಿಸದೆ ಮುಖ್ಯಸ್ಥರನ್ನು ತೆಗೆಯುವಂತಿಲ್ಲ. ಹಾಗಾಗಿ ಬಹಿರಂಗ ವಿಚಾರಣೆ ನಡೆಯಿತು, ಅವರ ವಕೀಲರು ಆರೋಪಗಳಿಗೆ ಉತ್ತರ ಕೊಟ್ಟರು, ಆಮೇಲೆ 2024ರ ಜೂನ್‌ನಲ್ಲಿ ಆಯೋಗ ಅವರನ್ನು ವಜಾ ಮಾಡಿತು. ಯಾರದು ಸರಿ ಎಂಬ ವಾದ ಅಲ್ಲಿ ಎರಡು ಬಣವಾಗಿ ಕೇಳಿಬಂತು. ಆದರೆ ಆರೋಪ ಇಂಥದ್ದು, ಉತ್ತರ ಇಂಥದ್ದು ಎಂದು ಊರಿಗೆಲ್ಲ ಗೊತ್ತಾಯಿತು. ಗವರ್ನರ್ ಒಬ್ಬರ ಸಹಿಯಲ್ಲಿ ಕೆಲಸ ಹೋಗುತ್ತಿದ್ದ ಕಾಲದ ನ್ಯೂ ಮೆಕ್ಸಿಕೊದಲ್ಲಿ ಅಷ್ಟಕ್ಕೂ ದಾರಿ ಇರಲಿಲ್ಲ.