ಬಿದಿರಿನ ತುದಿಯಲ್ಲಿ ಒಬ್ಬ ಹುಡುಗ

ಒಂದು ಪೆನ್ಸಿಲನ್ನು ಬೆರಳ ತುದಿಯಲ್ಲಿ ನೆಟ್ಟಗೆ ನಿಲ್ಲಿಸಲು ನೋಡಿ. ಆಗುವುದಿಲ್ಲ. ಈಗ ಜೇಡರಬಲೆ ಹೊಡೆಯುವ ಉದ್ದ ಕೋಲಿನ ಪೊರಕೆ ತಂದು, ಪೊರಕೆ ಮೇಲೆ ಬರುವಂತೆ ಅಂಗೈ ಮೇಲೆ ನಿಲ್ಲಿಸಿ. ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ, ಅಲ್ವಾ?

1867ರಲ್ಲಿ ಅಮೆರಿಕ, ಯುರೋಪಿನ ಜನ ರಂಗದ ಮೇಲೆ ಕಂಡದ್ದು ಇದನ್ನೇ, ಆದರೆ ಎದೆ ನಡುಗಿಸುವ ರೂಪದಲ್ಲಿ. ಜಪಾನಿನ ಕಲಾವಿದರೊಬ್ಬರು ಅಂಗಾತ ಮಲಗಿ ಕಾಲು ಮೇಲೆತ್ತುತ್ತಿದ್ದರು. ಅಂಗಾಲಿನ ಮೇಲೆ ಉದ್ದದ ಬಿದಿರು. ಅದನ್ನು ಹತ್ತಿ ಹೋಗುವವನು ಸುಮಾರು 12 ವರ್ಷದ ಹುಡುಗ, ಹಮೈಕರಿ ಉಮೆಕಿಚಿ. ಆಟದ ನಡುವೆ 'ಆಲ್ ರೈಟ್!' ಎಂದು ಕೂಗುತ್ತಿದ್ದ. ಜನ ಅವನಿಗೆ ಅದನ್ನೇ ಹೆಸರು ಮಾಡಿಬಿಟ್ಟರು.

ಬಿದಿರು ಅಷ್ಟು ಉದ್ದ ಏಕೆ? ಜನರನ್ನು ಹೆದರಿಸಲು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ನಿಜವೆಂದರೆ ಉದ್ದದ ಕೋಲು ನಿಧಾನವಾಗಿ ಬೀಳುತ್ತದೆ. ಕೋಲು 4 ಪಟ್ಟು ಉದ್ದವಾದರೆ ಬೀಳಲು 2 ಪಟ್ಟು ಹೊತ್ತು ಬೇಕು. ಕೋಲು ವಾಲಿದ್ದನ್ನು ಕಂಡು ಕೈ ಆಡಿಸಲು ನಮಗೆ ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಪೆನ್ಸಿಲಿನ ವಾಲು 3 ಪಟ್ಟಾಗಿರುತ್ತದೆ. ಆಟ ಮುಗಿಯಿತು. ಅದೇ 6 ಮೀಟರಿನ ಕೋಲು ಅಷ್ಟೇ ವಾಲಿ ನಿಂತಿದ್ದರೆ, ಅದೇ 0.2 ಸೆಕೆಂಡಿನಲ್ಲಿ ಅದರ ವಾಲು ಹೆಚ್ಚುವುದು ನೂರಕ್ಕೆ 5ರಷ್ಟು ಮಾತ್ರ. ಸರಿಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಇನ್ನೊಂದು ಸೋಜಿಗವಿದೆ. ತುದಿಯಲ್ಲಿ ಹುಡುಗ ಇದ್ದರೆ ಬಿದಿರು ಇನ್ನೂ ನಿಧಾನವಾಗಿ ವಾಲುತ್ತದೆ. ಭಾರ ಬುಡದಿಂದ ದೂರ ಇದ್ದಷ್ಟೂ ಅದನ್ನು ತಿರುಗಿಸುವುದು ಕಷ್ಟ. ಪೊರಕೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಈ ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತದೆ. ಹಗ್ಗದ ಮೇಲೆ ನಡೆಯುವ ನಮ್ಮ ದೊಂಬರ ಹುಡುಗಿ ಉದ್ದದ ಗಳುವನ್ನು ಅಡ್ಡ ಹಿಡಿಯುವುದೂ ಇದಕ್ಕೇ.

ಹಾಗಂತ ಇದು ಸುಲಭದ ಆಟವಲ್ಲ. ಇಡೀ ಭಾರ ಅಂಗಾಲಿನ ಮೇಲಿದೆ. ಒತ್ತಡ ಯಾವ ಕಡೆ ಜಾರಿತು ಎಂದು ಚರ್ಮವೇ ಹೇಳಬೇಕು. ಮೇಲಿನವನು ತಾನೂ ಸರಿಮಾಡಲು ಹೋದರೆ ಎಲ್ಲ ಕೆಡುತ್ತದೆ. ಕೆಳಗಿನವರನ್ನು ನಂಬಿ ಅವನು ಗಟ್ಟಿಯಾಗಿ ಇರಬೇಕು. ಅಷ್ಟು ಎತ್ತರದಲ್ಲಿ, ಆ ವಯಸ್ಸಿನಲ್ಲಿ! ನನಗೆ ಅತಿ ದೊಡ್ಡ ವಿದ್ಯೆ ಅನಿಸುವುದು ಆ ನಂಬಿಕೆಯೇ.

ಈ ಹುಡುಗನಿದ್ದ ಜಪಾನಿ ಕಲಾವಿದರ ತಂಡವನ್ನು ಹೊರದೇಶಕ್ಕೆ ಕರೆದೊಯ್ದವರು ರಿಚರ್ಡ್ ರಿಸ್ಲಿ ಕಾರ್ಲೈಲ್ ಎಂಬ ಅಮೆರಿಕನ್. ತನ್ನ ಮಕ್ಕಳನ್ನೇ ಕಾಲಿನಿಂದ ಚಿಮ್ಮಿಸಿ ಹಿಡಿಯುವ ಆಟಕ್ಕೆ ಅವರು ಹೆಸರಾಗಿದ್ದರು. ಆ ಆಟವನ್ನು ಸರ್ಕಸ್ಸಿನವರು ಇವತ್ತಿಗೂ ರಿಸ್ಲಿ ಎಂದೇ ಕರೆಯುತ್ತಾರೆ. 1864ರಲ್ಲಿ ಸರ್ಕಸ್ ಜೊತೆ ಜಪಾನಿನ ಯೊಕೊಹಾಮಾಕ್ಕೆ ಬಂದವರು ಅಲ್ಲೇ ಉಳಿದರು, ಐಸ್ ಮಾರಿದರು, ಹಾಲಿನ ವ್ಯಾಪಾರವನ್ನೂ ಮಾಡಿದರು. ಕಾಲಿನ ಕೆಲಸ ಬಲ್ಲವರ ಕಣ್ಣಿಗೆ ಜಪಾನಿನವರ ಕಾಲು ಬೀಳದೆ ಇರುತ್ತದೆಯೇ?

ಆದರೆ 1630ರ ದಶಕದಿಂದ ಜಪಾನೀಯರು ದೇಶ ಬಿಟ್ಟು ಹೋಗುವಂತಿರಲಿಲ್ಲ. ಹೋದರೆ ಮರಣದಂಡನೆ. 1866ರಲ್ಲಿ ಆ ಕಟ್ಟು ಸಡಿಲಿತು. ಸರ್ಕಾರ ಕೊಟ್ಟ ಮೊದಲನೇ ನಂಬರಿನ ಪಾಸ್‌ಪೋರ್ಟ್ ಸಿಕ್ಕಿದ್ದು ಇದೇ ತಂಡದ ಜಾದೂಗಾರ ಸುಮಿದಗಾವಾ ನಮಿಗೊರೊ ಅವರಿಗೆ. ಫೋಟೊ ಇರಲಿಲ್ಲ. ಕಣ್ಣು, ಮೂಗು, ಮುಖ ಹೇಗಿವೆ ಎಂದು ಬರೆದಿದ್ದರು.

ಡಿಸೆಂಬರ್‌ನಲ್ಲಿ ಹಡಗು ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್, ಪ್ಯಾರಿಸ್, ಲಂಡನ್. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರನ್ನೂ ಕಂಡರು. ತಂಡದ ಮೇಲ್ವಿಚಾರಕ ತಕಾನೊ ಹಿರೊಹಾಚಿ ದಾರಿಯುದ್ದಕ್ಕೂ ಡೈರಿ ಬರೆದರು. ಅದು ಉಳಿದುಬಂದಿದೆ. ಅವರು 1869ರಲ್ಲಿ ಊರಿಗೆ ಮರಳಿದಾಗ ಎದೋ ನಗರ ಟೋಕಿಯೊ ಆಗಿತ್ತು. ಪಾಸ್‌ಪೋರ್ಟ್ ಕೊಟ್ಟ, ದೇಶ ಆಳುತ್ತಿದ್ದ ಸೇನಾನಾಯಕರಾದ ಶೋಗುನರ ಸರ್ಕಾರ ಬಿದ್ದುಹೋಗಿತ್ತು.