‘ನೆರವು ಬೇಡ’ ಎಂದು ಗುರುತು ಹಾಕುವ ಮುನ್ನ

‘ಸೀಟೇನೋ ಸಿಕ್ತು ಸರ್, ಇನ್ನು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದಲ್ವಾ?’ ಅಮೆರಿಕದ ವಿಶ್ವವಿದ್ಯಾಲಯಗಳ ಅರ್ಲಿ ಡಿಸಿಷನ್ (ಇಡಿ, ಅಂದರೆ ಸಿಕ್ಕರೆ ಸೇರಲೇಬೇಕಾದ ಮುಂಗಡ ಪ್ರವೇಶ) ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಅದರ ಮರುದಿನ ಪೋಷಕರು ಕೇಳುವ ಮೊದಲ ಪ್ರಶ್ನೆ ಇದು. ಹಾಕಲು ಬರುವುದಿಲ್ಲ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಅನೇಕ ಕಡೆ ಮುಂದಿನ ನಾಲ್ಕೂ ವರ್ಷ ಬರುವುದಿಲ್ಲ. ನವೆಂಬರ್ 1ರಂದು ಕಳಿಸಿದ ಅರ್ಜಿಯಲ್ಲಿ ‘ಹಣಕಾಸು ನೆರವು ಕೇಳುವ ಉದ್ದೇಶವಿದೆಯೇ?’ ಎಂಬ ಒಂದು ಸಾಲಿಗೆ ‘ಇಲ್ಲ’ ಎಂದು ಗುರುತು ಹಾಕಿದ್ದೀರಲ್ಲ, ಆ ಮಾತು ಅಲ್ಲಿಗೇ ಮುಗಿದಿತ್ತು.

ಇಡಿ ಎಂದರೇನು, ಒಮ್ಮೆ ನೆನಪಿಸಿಕೊಳ್ಳೋಣ. ಈ ಸುತ್ತಿನಲ್ಲಿ ಇಡಿ ಅರ್ಜಿಯನ್ನು ಒಂದೇ ಕಡೆ ಹಾಕುವುದು; ಸಿಕ್ಕರೆ ಸೇರಿಯೇ ತೀರುತ್ತೇವೆಂದು ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಮಾಡುವುದು; ಸಿಕ್ಕ ಕೂಡಲೇ ಉಳಿದ ಅರ್ಜಿಗಳನ್ನೆಲ್ಲ ವಾಪಸ್ ಪಡೆಯುವುದು. ಕೆಲವು ಕಡೆ ಎರಡನೇ ಸುತ್ತೂ ಇದೆ, ಇಡಿ-2, ಜನವರಿ ಆರಂಭದಲ್ಲಿ. ಅದರ ಫಲಿತಾಂಶ ಫೆಬ್ರವರಿ ಮಧ್ಯದಲ್ಲಿ. ಕೊಲಂಬಿಯಾ, ಪೆನ್ (ಪೆನ್ಸಿಲ್ವೇನಿಯಾ), ಕಾರ್ನೆಲ್, ಬ್ರೌನ್, ಡಾರ್ಟ್‌ಮತ್, ಡ್ಯೂಕ್ ಮೊದಲ ಸುತ್ತಿನ ಇಡಿ ಇರುವ ಗುಂಪಿನವು. 2025ರಿಂದ ಸರ್ಕಾರಿ ವಿಶ್ವವಿದ್ಯಾಲಯವಾದ ಮಿಷಿಗನ್ ಕೂಡ ಸೇರಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದ್ದು ಇಡಿ ಅಲ್ಲ. ಅಲ್ಲಿಗೆ ಬೇಗ ಹಾಕಿದರೆ ಅದೇ ಹೊತ್ತಿಗೆ ಇನ್ನೊಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಬೇಗ ಹಾಕುವಂತಿಲ್ಲ, ಅಷ್ಟೇ. ಸೀಟು ಸಿಕ್ಕ ಮೇಲೂ ಮೇ 1ರವರೆಗೆ ಯೋಚಿಸಬಹುದು. ಈ ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವವರಿದ್ದಾರೆ. ಒಂದೇ ಎಂದುಕೊಂಡು ನಿಶ್ಚಿಂತರಾಗುವವರ ಗತಿ ಇನ್ನೂ ಕಷ್ಟ.

ವಿಶ್ವವಿದ್ಯಾಲಯಕ್ಕೆ ಇದರಲ್ಲೇನು ಲಾಭ? ಸೀಟು ಕೊಟ್ಟ ನೂರು ಮಂದಿಯಲ್ಲಿ ಎಷ್ಟು ಮಂದಿ ಬಂದಾರು ಎಂಬ ಚಿಂತೆ ಇಡಿಯಲ್ಲಿ ಇಲ್ಲ. ಅದಕ್ಕೇ ಪೆನ್‌ನಂಥ ಕಡೆ ತರಗತಿಯ ಅರ್ಧದಷ್ಟು ಸೀಟು ಡಿಸೆಂಬರ್‌ನಲ್ಲೇ ತುಂಬಿಹೋಗುತ್ತದೆ. ಇಡಿಯ ಪ್ರವೇಶ ಪ್ರಮಾಣ ಮಾರ್ಚ್‌ನ ಸಾಮಾನ್ಯ ಸುತ್ತಿಗಿಂತ ಹೆಚ್ಚಿರುವುದು ನಿಜವೇ. ಆದರೆ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರು, ಹಳೇ ವಿದ್ಯಾರ್ಥಿಗಳ ಮಕ್ಕಳು ಎಲ್ಲರೂ ಆ ಲೆಕ್ಕದಲ್ಲೇ ಇದ್ದಾರೆ. ಬಸವನಗುಡಿಯಿಂದ ಹಾಕುವ ಹುಡುಗಿಗೆ ಆ ಶೇಕಡಾವಾರನ್ನು ಹಾಗೆಹಾಗೇ ಅನ್ವಯಿಸಬಾರದು. ಅನುಕೂಲ ಇದೆ, ಕೋಷ್ಟಕದಲ್ಲಿ ಕಂಡಷ್ಟು ಇಲ್ಲ.

ಈಗ ಆ ‘ಇಲ್ಲ’ ಎಂಬ ಗುರುತಿಗೆ ಬರೋಣ. ಅದರ ಹಿಂದಿರುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಒಂದು ಸಲಹೆ: ‘ನೆರವು ಕೇಳಿದ್ರೆ ಸೀಟು ಕೊಡಲ್ಲ, ಬೇಡ ಅಂತ ಹಾಕ್ಬಿಡಿ, ಆಮೇಲೆ ಕೇಳಿದ್ರಾಯ್ತು.’ ಇದರ ಮೊದಲರ್ಧದಲ್ಲಿ ಸತ್ಯಾಂಶವಿದೆ, ಅದಕ್ಕೇ ಎರಡನೆಯದೂ ಜನರ ಗಂಟಲಲ್ಲಿ ಇಳಿಯುತ್ತದೆ. ಹಲವು ಖಾಸಗಿ ವಿಶ್ವವಿದ್ಯಾಲಯಗಳು ಅಮೆರಿಕದ ಪ್ರಜೆಗಳ ಅರ್ಜಿ ನೋಡುವಾಗ ಹಣದ ವಿಚಾರ ನೋಡದಿದ್ದರೂ, ಭಾರತೀಯ ಪ್ರಜೆಯ ಅರ್ಜಿಯಲ್ಲಿ ನೋಡುತ್ತವೆ. ಪೆನ್, ಕಾರ್ನೆಲ್, ಕೊಲಂಬಿಯಾ ಹೀಗೆ. ವಿದೇಶಿಯರಿಗೆಂದು ಎತ್ತಿಟ್ಟ ಹಣ ಸೀಮಿತ. ಅದು ಹಂಚಿಹೋಗುವುದು ಸೀಟು ಕೊಡುವ ಹೊತ್ತಿಗೇ. ‘ಆಮೇಲೆ ಕೇಳಿದರಾಯ್ತು’ ಎನ್ನಲು ಆಮೇಲೆ ಅಲ್ಲಿ ಹಣವೇ ಉಳಿದಿರುವುದಿಲ್ಲ.

ಇನ್ನು ಕೆಲವು ಕಡೆ ಆ ಮೊದಲರ್ಧವೂ ಸುಳ್ಳು. ಡಾರ್ಟ್‌ಮತ್, ಆ್ಯಮ್ಹರ್ಸ್ಟ್, ಬೌಡನ್ ಮೂರರಲ್ಲೂ ಇಡಿ ಇದೆ, ಮೂರೂ ವಿದೇಶಿಯರ ಅರ್ಜಿಯಲ್ಲೂ ಹಣ ನೋಡುವುದಿಲ್ಲ. ಇಲ್ಲಿ ‘ಬೇಡ’ ಎಂದು ಹಾಕಿದವರಿಗೆ ಸೀಟಿನ ವಿಷಯದಲ್ಲಿ ಎಳ್ಳಷ್ಟೂ ಲಾಭವಿಲ್ಲ, ಕಳೆದುಕೊಂಡದ್ದು ಮಾತ್ರ ಪೂರ್ತಿ. ಪ್ರತಿ ವಿಶ್ವವಿದ್ಯಾಲಯದ ನೆರವಿನ ಪುಟದಲ್ಲಿ ‘ವಿದೇಶಿ ಅರ್ಜಿದಾರರು’ ಎಂಬ ವಿಭಾಗವಿರುತ್ತದೆ. ಅದನ್ನು ಆ ವರ್ಷವೇ ಓದಿ. ನೀತಿ ಬದಲಾಗುತ್ತಿರುತ್ತದೆ, ಹೋದ ವರ್ಷ ಸೇರಿದ ಪಕ್ಕದ ಮನೆಯ ಹುಡುಗನ ಮಾತು ಸಾಲದು.

‘ಹಣ ಸಾಲದಿದ್ದರೆ ಇಡಿಯಿಂದ ಬಿಡುಗಡೆ ಉಂಟಂತಲ್ಲ?’ ಉಂಟು. ಆದರೆ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನ ಇಡಿ ಒಪ್ಪಂದದ ಸಾಲನ್ನು ನಿಧಾನವಾಗಿ ಓದಬೇಕು: ನೆರವಿಗೆ ಅರ್ಜಿ ಹಾಕಿದ ವಿದ್ಯಾರ್ಥಿಗೆ, ಅಲ್ಲಿ ಓದಲು ಸಾಧ್ಯವಾಗುವಷ್ಟು ನೆರವು ಸಿಗದಿದ್ದರೆ, ಸೀಟು ನಿರಾಕರಿಸಲು ಅವಕಾಶ. ಮೊದಲ ಮೂರು ಪದಗಳನ್ನು ಇನ್ನೊಮ್ಮೆ ಓದಿ. ‘ನೆರವು ಬೇಡ’ ಎಂದವರು ಹಣದ ತೊಂದರೆ ಇಲ್ಲವೆಂದು ತಾವೇ ಬರೆದುಕೊಟ್ಟಿದ್ದಾರೆ. ಅವರು ಈ ಸಾಲಿನೊಳಗೆ ಬರುವುದೇ ಇಲ್ಲ. ಸಹಿ ಮುರಿದರೆಂದು ವಿಶ್ವವಿದ್ಯಾಲಯ ಸಾಮಾನ್ಯವಾಗಿ ಕೋರ್ಟಿಗೇನೂ ಹೋಗುವುದಿಲ್ಲ. ಆದರೆ ಸಹಿ ಮಾಡಿದವರಲ್ಲಿ ನಿಮ್ಮ ಶಾಲೆಯ ಕೌನ್ಸೆಲರ್ ಕೂಡ ಇದ್ದಾರೆ. ಮುಂದಿನ ವರ್ಷ ಅದೇ ಶಾಲೆಯಿಂದ ಅದೇ ವಿಶ್ವವಿದ್ಯಾಲಯಕ್ಕೆ ಹಾಕುವ ಮಗುವಿಗೆ ಅದರ ಬಿಸಿ ತಟ್ಟಬಹುದು. ಬೇರೆಯವರ ಮಕ್ಕಳ ಹೆಸರಲ್ಲಿ ಸಾಲ ಮಾಡಿದ ಹಾಗೆ ಇದು.

ಸರಿ, ‘ಬೇಕು’ ಎಂದೇ ಹಾಕಿದಿರಿ. ಅಲ್ಲೂ ಒಂದು ಗುಂಡಿಯಿದೆ. ‘ಅಗತ್ಯದ ಶೇ 100ರಷ್ಟು ನೆರವು ಕೊಡುತ್ತೇವೆ’ ಎಂದು ವಿಶ್ವವಿದ್ಯಾಲಯ ಬರೆದಿರುತ್ತದೆ. ಯಾರ ಲೆಕ್ಕದ ಅಗತ್ಯ? ಒಂದು ಉದಾಹರಣೆ ಹಿಡಿಯೋಣ. ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ವಸತಿ, ಊಟ ಎಲ್ಲ ಸೇರಿ ವರ್ಷದ ಖರ್ಚು 90,000 ಡಾಲರ್ ದಾಟಿದೆ. ಡಾಲರಿಗೆ 85 ರೂಪಾಯಿ ಎಂದರೂ 76.5 ಲಕ್ಷ. ಬೆಂಗಳೂರಿನ ಒಂದು ಮನೆಯವರು ಸಾಲ ಸೋಲ ಸೇರಿಸಿ 30 ಲಕ್ಷ ಹೊಂದಿಸಬಲ್ಲರು ಎನ್ನಿ. ಅವರ ಪ್ರಕಾರ ಅಗತ್ಯ 46.5 ಲಕ್ಷ. ವಿಶ್ವವಿದ್ಯಾಲಯ ಅವರ ಸಂಬಳ, ಫ್ಲ್ಯಾಟು, ಊರಿನ ಸೈಟು, ಠೇವಣಿ ಎಲ್ಲ ನೋಡಿ, ಈ ಮನೆಯವರು 45 ಲಕ್ಷ ಕೊಡಬಲ್ಲರು ಎಂದು ತೀರ್ಮಾನಿಸುತ್ತದೆ. ಹಾಗಾದರೆ ಅಗತ್ಯ 31.5 ಲಕ್ಷ, ಅಷ್ಟನ್ನೂ ಕೊಟ್ಟಿತು. ನೂರಕ್ಕೆ ನೂರು, ಸುಳ್ಳೇನಿಲ್ಲ. ಮನೆಯವರಿಗೆ ಮಾತ್ರ ವರ್ಷಕ್ಕೆ 15 ಲಕ್ಷ, ನಾಲ್ಕು ವರ್ಷಕ್ಕೆ 60 ಲಕ್ಷ ಕಡಿಮೆ ಬಿತ್ತು. ಮೇಲಾಗಿ ಆ 45 ಲಕ್ಷವನ್ನು ಕಟ್ಟಬೇಕಾದದ್ದು ಡಾಲರಿನಲ್ಲಿ, ಸುಮಾರು 53,000. ಡಾಲರ್ ಮೂರು ರೂಪಾಯಿ ಏರಿದರೆ ವರ್ಷಕ್ಕೆ ಇನ್ನೂ 1.6 ಲಕ್ಷ.

ಇಡಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಪತ್ರ ತೋರಿಸಿ ಚೌಕಾಸಿ ಮಾಡಲಾಗದು. ಆ ಪತ್ರವೇ ಇರುವುದಿಲ್ಲವಲ್ಲ. ಆದ್ದರಿಂದ ಅವರ ಲೆಕ್ಕ ಎಷ್ಟಾದೀತೆಂದು ಅಕ್ಟೋಬರ್‌ನಲ್ಲೇ ತಿಳಿಯಲು ಹೆಣಗಬೇಕು. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳೆಲ್ಲ ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ನೆರವು ಕಳೆದು ಮನೆಯವರು ಕಟ್ಟಬೇಕಾದದ್ದನ್ನು ಅಂದಾಜಿಸುವ ಸಾಧನ) ಇಡಬೇಕೆಂಬ ಕಾನೂನು 2011ರಿಂದ ಜಾರಿಯಲ್ಲಿದೆ. ಅದು ಅಮೆರಿಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಭಾರತದಿಂದ ತುಂಬಿದರೆ ಉತ್ತರ ಅಂದಾಜು ಮಾತ್ರ. ಅದಕ್ಕಿಂತ ನೆರವಿನ ಕಚೇರಿಗೆ ನೇರವಾಗಿ ಇಮೇಲ್ ಬರೆಯುವುದು ವಾಸಿ.

ನೆರವಿನ ಅಸಲಿ ಅರ್ಜಿ ಸಿಎಸ್‌ಎಸ್ ಪ್ರೊಫೈಲ್, ಮನೆಯ ಆದಾಯ, ಆಸ್ತಿಯ ವಿವರ ಕೇಳುವ ಆನ್‌ಲೈನ್ ಫಾರಂ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಇಡಿಯವರಿಗೆ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಮೊದಲ ಅರ್ಧದಲ್ಲಿ. ರೂಪಾಯಿಯಲ್ಲೇ ತುಂಬಿ, ನೀವೇ ಡಾಲರಿಗೆ ತಿರುಗಿಸಲು ಹೋಗಬೇಡಿ. ಐಟಿ ರಿಟರ್ನ್, ಫಾರಂ 16 ಇದ್ದವರದ್ದು ಸುಲಭ. ಕಷ್ಟ ಇರುವುದು ತೋಟದ ಮನೆಯವರಿಗೆ. ಅಡಿಕೆ, ಕಾಫಿಯ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ಅದನ್ನು ಇಲ್ಲೂ ಬಿಟ್ಟುಬಿಡುತ್ತಾರೆ. ಪ್ರೊಫೈಲ್ ತೆರಿಗೆ ಇಲ್ಲದ ಆದಾಯವನ್ನೂ ಕೇಳುತ್ತದೆ. ರಿಟರ್ನ್‌ನಲ್ಲಿ ನಾಲ್ಕು ಲಕ್ಷ, ಮಗುವಿನ ಶಾಲೆಯ ಫೀಸು ಅದಕ್ಕಿಂತ ಹೆಚ್ಚು ಎಂದಾದರೆ ನೆರವಿನ ಅಧಿಕಾರಿ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ನಿಮ್ಮ ಪಾಲೆಷ್ಟು ಎಂದು ವಿವರಣೆಯ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡದ ಪಹಣಿ ಕೇಳಿದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ. ದಾಖಲೆ ತಡವಾದರೆ ಡಿಸೆಂಬರ್‌ನಲ್ಲಿ ಸೀಟು ಬರುತ್ತದೆ, ನೆರವಿನ ಪತ್ರ ಬರುವುದಿಲ್ಲ. ಸೀಟು ಖಚಿತಪಡಿಸುವ ಡೆಪಾಸಿಟ್‌ನ ಗಡುವು ಮಾತ್ರ ಹತ್ತಿರವಾಗುತ್ತ ಹೋಗುತ್ತದೆ.

ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಇರುವ ನಮ್ಮವರಿಗೂ ಒಂದು ಮಾತು. ಮಗು ಒಂದನೇ ತರಗತಿಯಿಂದ ಅಲ್ಲೇ ಓದಿರಬಹುದು. ಎಚ್-4 ವೀಸಾದಲ್ಲಿದ್ದರೆ (ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಫೆಡರಲ್ ನೆರವು ಇಲ್ಲ, ಮತ್ತು ಬಹಳಷ್ಟು ಖಾಸಗಿ ವಿಶ್ವವಿದ್ಯಾಲಯಗಳು ನೆರವಿನ ಲೆಕ್ಕದಲ್ಲಿ ವಿದೇಶಿ ಎಂದೇ ಎಣಿಸುತ್ತವೆ. ಗ್ರೀನ್ ಕಾರ್ಡ್ ಅರ್ಜಿ ಸರದಿಯಲ್ಲಿದೆ ಎಂಬುದು ಗ್ರೀನ್ ಕಾರ್ಡ್ ಅಲ್ಲ. ಹಾಕುವ ಮೊದಲು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಕರ್ನಾಟಕದ ಪಿಯು ಕಾಲೇಜಿನಿಂದ ಹಾಕುವವರಿಗೆ ಕ್ಯಾಲೆಂಡರ್ರೇ ಶತ್ರು. ನವೆಂಬರ್ 1 ನಮಗೆ ರಾಜ್ಯೋತ್ಸವ. ಕಾಲೇಜಿನಲ್ಲಿ ಧ್ವಜಾರೋಹಣ ಇರುತ್ತದೆ, ಕಚೇರಿ ತೆರೆದಿರುವುದಿಲ್ಲ. ಅದರ ಆಸುಪಾಸಿನಲ್ಲೇ ದಸರಾ ರಜೆ, ದೀಪಾವಳಿ. ಕೌನ್ಸೆಲರ್ ಎಂಬ ಹುದ್ದೆ ಇಲ್ಲದ ಕಡೆ ಪ್ರಾಂಶುಪಾಲರೇ ಆ ಕೆಲಸ ಮಾಡಬೇಕು. ಇಡಿ ಆಯ್ಕೆ ಮಾಡಿದ ಮೇಲಷ್ಟೇ ಒಪ್ಪಂದದ ಪುಟ ಕಾಣಿಸಿಕೊಂಡು, ಸಹಿಯ ಲಿಂಕ್ ಅವರ ಇಮೇಲಿಗೆ ಹೋಗುತ್ತದೆ. ಕಾಲೇಜಿನ ಆ ಅಧಿಕೃತ ಇಮೇಲನ್ನು ಯಾರು ತೆರೆಯುತ್ತಾರೆ ಎಂದು ಮೊದಲೇ ವಿಚಾರಿಸಿ. ಅನೇಕ ಕಡೆ ಅದರ ಪಾಸ್‌ವರ್ಡ್ ಗೊತ್ತಿರುವುದು ಒಬ್ಬ ಗುಮಾಸ್ತರಿಗೆ ಮಾತ್ರ. ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಹಳೇ ಹೈಸ್ಕೂಲಿಗೇ ಹೋಗಬೇಕು. ಇವೆಲ್ಲ ಸೆಪ್ಟೆಂಬರ್‌ನಲ್ಲೇ ಮುಗಿಯಲಿ. ನಿಮ್ಮ ಭಾಗದ ಅರ್ಜಿಗೆ ಗಡುವು ನಿಮ್ಮೂರ ಗಡಿಯಾರದ ರಾತ್ರಿ 11:59. ಅಮೆರಿಕದಲ್ಲಿ ಇನ್ನೂ ರಾತ್ರಿಯಾಗಿಲ್ಲ ಎಂದು ಕೂರಬೇಡಿ.

ಡಿಸೆಂಬರ್ ಫಲಿತಾಂಶಕ್ಕೂ ಜನವರಿ ಆರಂಭದ ಸಾಮಾನ್ಯ ಗಡುವಿಗೂ ನಡುವೆ ಎರಡು ವಾರವಷ್ಟೇ. ಉಳಿದ ಅರ್ಜಿಗಳ ಪ್ರಬಂಧ ನವೆಂಬರ್‌ನಲ್ಲೇ ಸಿದ್ಧವಿರಬೇಕು. ‘ಡಿಫರ್’ (ತೀರ್ಮಾನ ಸಾಮಾನ್ಯ ಸುತ್ತಿಗೆ ಮುಂದೂಡಿಕೆ) ಎಂದು ಬಂದರೆ ಒಪ್ಪಂದ ಅಲ್ಲಿಗೆ ಮುಗಿಯಿತು. ಬೇರೆಡೆ ಇಡಿ-2ಕ್ಕೆ ಧಾರಾಳವಾಗಿ ಹಾಕಬಹುದು. ಸೀಟು ಬಂದು ನೆರವು ಸಾಲದಿದ್ದರೆ ಡೆಪಾಸಿಟ್ ಕಟ್ಟುವ ಮೊದಲು, ಅದೇ ವಾರ, ನೆರವಿನ ಕಚೇರಿಗೆ ಬರೆಯಿರಿ. ಒಂದು ಪುಟ ಸಾಕು: ನಾವು ಕೊಡಬಲ್ಲದ್ದು ವರ್ಷಕ್ಕೆ ಇಷ್ಟು ಡಾಲರ್, ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದು, ಅದಕ್ಕೆ ದಾಖಲೆ ಇಲ್ಲಿದೆ. ಅಜ್ಜಿಯ ಆಸ್ಪತ್ರೆ ಬಿಲ್ಲು, ಕೆಲಸ ಹೋದ ಪತ್ರ, ತಮ್ಮನ ಕಾಲೇಜು ಫೀಸಿನ ರಸೀದಿ ಇಂಥವು ಲೆಕ್ಕಕ್ಕೆ ಬರುತ್ತವೆ. ಮಗಳು ಎಷ್ಟು ಬುದ್ಧಿವಂತೆ ಎಂದು ಆ ಪತ್ರದಲ್ಲಿ ಬರೆಯಬೇಡಿ, ಅದು ಅವರಿಗೆ ಈಗಾಗಲೇ ಗೊತ್ತು.