ಡಿವಿಡಿ ರೈಟರ್‌ಗೆ ಡ್ರೈವರ್ ಹುಡುಕಬೇಡಿ

ಫೋಟೋ ಸ್ಟುಡಿಯೋ ನಡೆಸುವ ಒಬ್ಬರು ಕಳೆದ ವಾರ ಸಿಪಿಯು ಹೊತ್ತುಕೊಂಡು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ವರ್ಷಗಟ್ಟಲೆ ತೆಗೆದ ಮದುವೆ ಫೋಟೋಗಳೆಲ್ಲ ಅವರ ಬಳಿ ಡಿಸ್ಕ್‌ಗಳಲ್ಲೇ ಇವೆ. "ಡಿವಿಡಿ ರೈಟರ್ ಕಾಣ್ತಾನೇ ಇಲ್ಲ ಸಾರ್, ಡ್ರೈವರ್ ಹುಡುಕಿ ಹುಡುಕಿ ಸಾಕಾಯ್ತು" ಎಂದರು. ಡ್ರೈವರ್ ಎಂದರೆ ಒಂದು ಉಪಕರಣದ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಾಫ್ಟ್‌ವೇರ್. ಅದನ್ನು ಹುಡುಕಿಕೊಡುತ್ತೇವೆ ಎನ್ನುವ ಯಾವುದೋ ಡ್ರೈವರ್ ಅಪ್‌ಡೇಟರ್‌ಗೆ ಆಗಲೇ ದುಡ್ಡೂ ಕಟ್ಟಿದ್ದರು. ಇಂಥದ್ದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಿಂಟರ್‌ಗೆ ಮಾಡೆಲ್‌ಗೊಂದು ಡ್ರೈವರ್ ಇರುತ್ತದಲ್ಲ, ಡಿವಿಡಿ ರೈಟರ್‌ಗೆ ಹಾಗಿಲ್ಲ. ಮೊದಲ ಸಿಡಿ ರೈಟರ್‌ಗಳ ಕಾಲದಲ್ಲಿ ಒಂದೊಂದು ಕಂಪನಿಯದೂ ಒಂದೊಂದು ಭಾಷೆಯಾಗಿತ್ತು. ಆಮೇಲೆ ಎಂಎಂಸಿ ಎಂಬ ಕಮಾಂಡ್‌ಗಳ ಪಟ್ಟಿ ಬಂತು. ಈ ಬ್ಲಾಕ್ ಓದು, ಲೇಸರ್ ಹದ ಮಾಡಿಕೋ, ಬರೆದದ್ದನ್ನು ಮುಗಿಸಿ ಮುಚ್ಚು, ಟ್ರೇ ಹೊರಗೆ ತಳ್ಳು: ಎಲ್ಲ ಡ್ರೈವ್‌ಗಳಿಗೂ ಇವು ಒಂದೇ. ಅದಕ್ಕೇ ವಿಂಡೋಸ್ ಜೊತೆಗೇ ಬರುವ ಸಿಡಿರಾಮ್.ಸಿಸ್ (cdrom.sys) ಎಂಬ ಡ್ರೈವರ್ ಫೈಲೇ ಸಾಕು. ಬರೆಯಲು ಕೂಡ ಬೇರೆ ಡ್ರೈವರ್ ಬೇಡ. 2001ರ ವಿಂಡೋಸ್ ಎಕ್ಸ್‌ಪಿ ತಾನೇ ಸಿಡಿ ಬರೆಯುತ್ತಿತ್ತು. ಡಿವಿಡಿ ಬರೆಯುವುದು ಅದರ ಮುಂದಿನ ವಿಂಡೋಸ್ ವಿಸ್ಟಾದಲ್ಲಿ ಬಂತು.

ಮತ್ತೆ ಡ್ರೈವ್ ಮಾಯವಾಗಿದ್ದು ಹೇಗೆ? ಕಂಪ್ಯೂಟರಿನ ಉಪಕರಣಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಡ್ರೈವ್ ಹೆಸರಿನ ಪಕ್ಕ ಹಳದಿ ಗುರುತು, ಒಳಗೆ ಕೋಡ್ 39, ಅಂದರೆ ಡ್ರೈವರ್ ಲೋಡ್ ಆಗಲಿಲ್ಲ ಎಂಬ ದೂರು. ಬರ್ನಿಂಗ್ (ಡಿಸ್ಕ್ ಬರೆಯುವ) ಸಾಫ್ಟ್‌ವೇರ್‌ಗಳು ಸಿಡಿರಾಮ್.ಸಿಸ್‌ನ ಮೇಲೋ ಕೆಳಗೋ ತಮ್ಮದೊಂದು ಫಿಲ್ಟರ್, ಅಂದರೆ ನಡುವೆ ಕೂರುವ ಪುಟ್ಟ ಡ್ರೈವರ್, ಸೇರಿಸುವುದುಂಟು. ಸಾಫ್ಟ್‌ವೇರ್ ತೆಗೆದಾಗ ಫೈಲು ಹೋಗುತ್ತದೆ, ಕೆಲವೊಮ್ಮೆ ಅದರ ಹೆಸರು ಮಾತ್ರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಉಳಿಯುತ್ತದೆ. ಕೆಲಸ ಬಿಟ್ಟು ಹೋದ ಗುಮಾಸ್ತರ ಸಹಿಗಾಗಿ ಕಡತ ನಿಂತ ಹಾಗೆ ಡ್ರೈವ್ ಅಲ್ಲೇ ನಿಲ್ಲುತ್ತದೆ.

ರಿಜಿಸ್ಟ್ರಿ ಮುಟ್ಟುವ ಮೊದಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಡಿಸ್ಕ್ ಹಾಕುತ್ತೇನೆ. ಅಲ್ಲಿ ಫೈಲ್‌ಗಳು ತೆರೆದರೆ ಡ್ರೈವ್ ಚೆನ್ನಾಗಿದೆ, ಕೇಬಲ್ಲೂ ಸರಿಯಿದೆ, ತೊಂದರೆ ವಿಂಡೋಸ್ ಒಳಗಿದೆ ಎಂದರ್ಥ. ಸ್ಟುಡಿಯೋದವರ ಡಿಸ್ಕ್ ಲಿನಕ್ಸ್‌ನಲ್ಲಿ ಒಂದೇ ಸಲಕ್ಕೆ ತೆರೆಯಿತು. ಅವರ ಮುಖ ನೋಡಬೇಕಿತ್ತು.

ಇನ್ನು ರಿಪೇರಿ. ರೆಜ್‌ಎಡಿಟ್ (regedit) ತೆರೆದರೆ ರಿಜಿಸ್ಟ್ರಿಯ HKEY_LOCAL_MACHINE\SYSTEM\CurrentControlSet\Control ಕೆಳಗೆ ಕ್ಲಾಸ್ (Class) ಎಂಬ ಫೋಲ್ಡರಿದೆ; ಇಲ್ಲಿ ಫೋಲ್ಡರನ್ನು ಕೀ ಎನ್ನುತ್ತಾರೆ. ಅದರಲ್ಲಿ 4ಡಿ36ಇ965 (4D36E965) ಎಂದು ಶುರುವಾಗುವ ಕೀ ಸಿಡಿ, ಡಿವಿಡಿ ಡ್ರೈವ್‌ಗಳದು. ಪಕ್ಕದ ಕೀಗಳ ಹೆಸರೂ ಹೆಚ್ಚುಕಡಿಮೆ ಹೀಗೇ ಇರುತ್ತವೆ, ಕಣ್ಣಿಟ್ಟು ನೋಡಿ. ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ, ಈ ಹೆಜ್ಜೆ ಮಾತ್ರ ಬಿಡಲೇಬೇಡಿ. ಆಮೇಲೆ ಅದರೊಳಗಿನ ಅಪ್ಪರ್‌ಫಿಲ್ಟರ್ಸ್ (UpperFilters), ಲೋವರ್‌ಫಿಲ್ಟರ್ಸ್ (LowerFilters) ಎರಡನ್ನೂ ಅಳಿಸಿ ರೀಸ್ಟಾರ್ಟ್ ಮಾಡಿ. ನಿಮ್ಮ ಬರ್ನಿಂಗ್ ಸಾಫ್ಟ್‌ವೇರ್ ಇನ್ನೂ ಬಳಕೆಯಲ್ಲಿದ್ದರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು. ಕೋಡ್ 19, 31, 32, 41 ಬಂದಾಗಲೂ ಇದೇ ಮದ್ದು.

ಯುಎಸ್‌ಬಿ ಡ್ರೈವ್ ಆದರೆ ರಿಜಿಸ್ಟ್ರಿಗಿಂತ ಮೊದಲು ಕರೆಂಟ್ ನೋಡಿ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿ ಆಂಪ್ ಮಾತ್ರ. ಬರೆಯುವಾಗ ಲೇಸರ್, ಮೋಟರ್ ಎರಡಕ್ಕೂ ಜಾಸ್ತಿ ಕರೆಂಟ್ ಬೇಕು. ಓದುವಾಗ ಸರಿಯಿದ್ದು ಬರೆಯಲು ಹೊರಟ ತಕ್ಷಣ ಡ್ರೈವ್ ಕಟ್ ಆಗುತ್ತಿದ್ದರೆ, ಹಬ್ ಬಿಟ್ಟು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರವಾಗಿ ಚುಚ್ಚಿ ನೋಡಿ.